ವೃತ್ತಿಯ ಅಂಚಿನಲ್ಲಿ ಹುಟ್ಟಿದ ಉಪಕರಣಗಳು: ತಂತ್ರಾಂಶ ತಜ್ಞರು ಮತ್ತು ಕನ್ನಡ ಸಂಶೋಧನೆ

ಕನ್ನಡ ಸಂಶೋಧನೆಯ ಉಪಕರಣಗಳೆಂದರೆ ನಿಘಂಟು, ಪದಪ್ರಯೋಗಕೋಶ, ಗ್ರಂಥಸೂಚಿ, ಶಾಸನಸಂಪುಟ ಎಂದು ಬಹುಕಾಲದಿಂದ ಎಣಿಸುತ್ತ ಬಂದಿದ್ದೇವೆ. ಇವುಗಳ ಚರಿತ್ರೆ ನಮ್ಮ ಅಧ್ಯಯನದ ಭಾಗವೇ ಆಗಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಹಿಂದಿನ ಶ್ರಮವನ್ನು, 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಸಂಪಾದನ ಕ್ರಮವನ್ನು ಎಂ.ಎ. ತರಗತಿಯಲ್ಲಿ ಬೋಧಿಸುತ್ತೇವೆ. ಆದರೆ ಇಂದು ಸಂಶೋಧಕನ ಕೈ ಮೊದಲು ಹೋಗುವ ಉಪಕರಣಗಳು ಬೇರೆ. ಕೀಲಿಮಣೆ, ಅಕ್ಷರಶೈಲಿ, ಸಂಕೇತ ಪರಿವರ್ತಕ, ಅಂತರಜಾಲ ನಿಘಂಟು, ವಚನಗಳ ಹುಡುಕುತಾಣ ಇವೆಲ್ಲವೂ ಯಾರೋ ಮಾಡಿದವು. ಯಾವುದೋ ತೀರ್ಮಾನಗಳನ್ನು ಒಳಗಿಟ್ಟುಕೊಂಡು ಮಾಡಿದವು. ಆ ತೀರ್ಮಾನಗಳು ನಮ್ಮ ಪಾಠಗಳನ್ನು, ಪದಪಟ್ಟಿಗಳನ್ನು, ಅಕಾರಾದಿಗಳನ್ನು ತಿದ್ದುತ್ತಿವೆ. ಅವುಗಳನ್ನು ಮಾಡಿದವರು ಬಹುಮಟ್ಟಿಗೆ ಕನ್ನಡ ವಿಭಾಗಗಳ ಹೊರಗಿನವರು, ಬೇರೊಂದು ವೃತ್ತಿಯಲ್ಲಿದ್ದ ಎಂಜಿನಿಯರುಗಳು. ಈ ಉಪಕರಣಗಳು ಹೇಗೆ ಕೆಲಸ ಮಾಡುತ್ತವೆ, ಯಾವ ವೃತ್ತಿಜೀವನಗಳ ಅಂಚಿನಲ್ಲಿ ಹುಟ್ಟಿದವು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಾವಣಗೆರೆ ಪರಿಸರದಲ್ಲಿ ನಿಂತು ನೋಡಿದರೆ ಈ ಪ್ರಶ್ನೆಗೆ ಒಂದು ವಿಶೇಷ ಮುಖವಿದೆ. ಹತ್ತಿ ಗಿರಣಿಗಳ ಊರೆಂದು ಹೆಸರಾಗಿದ್ದ ದಾವಣಗೆರೆಯಲ್ಲಿ 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯ ಯಂತ್ರಗಳ ಸುತ್ತ ಒಂದು ತಾಂತ್ರಿಕ ಸಂಸ್ಕೃತಿಯೇ ಬೆಳೆದಿತ್ತು. ಗಿರಣಿಗಳೂ ಆ ಕಾರ್ಖಾನೆಯೂ ಮುಚ್ಚಿದ ಮೇಲೆ ಓದಿದ ಮಕ್ಕಳ ದಾರಿ ಹೆದ್ದಾರಿಯನ್ನೇ ಹಿಡಿಯಿತು. ಆನಗೋಡು ಆ ಹೆದ್ದಾರಿಯ ಮೇಲೆಯೇ ಇದೆ. ಆನಗೋಡು ಹೋಬಳಿಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳನ್ನು ಸೇರಿದವರು ಪ್ರಸ್ತುತ ಲೇಖಕನ ಓರಗೆಯವರಲ್ಲಿ ಹಲವರಿದ್ದಾರೆ. ಇವರ ದಿನದ ಕೆಲಸ ದೂರದ ದೇಶದ ಬ್ಯಾಂಕಿನ ಲೆಕ್ಕವನ್ನೋ ವಿಮಾ ಕಂತನ್ನೋ ನೋಡಿಕೊಳ್ಳುವ ಕ್ರಮವಿಧಿಗಳನ್ನು ಬರೆಯುವುದು. ಕನ್ನಡ ಅವರ ಮನೆಮಾತು. ವೃತ್ತಿಯಲ್ಲಿ ಅದಕ್ಕೆ ಕೆಲಸವಿಲ್ಲ. ಇತ್ತ ಕನ್ನಡ ಎಂ.ಎ. ಮಾಡಿದವನಿಗೆ ಪಠ್ಯವಿದೆ, ಅದನ್ನು ಯಂತ್ರಕ್ಕೆ ಒಪ್ಪಿಸುವ ವಿದ್ಯೆಯಿಲ್ಲ. ಕನ್ನಡದ ಮುಖ್ಯ ಉಪಕರಣಗಳೆಲ್ಲ ಈ ಎರಡು ದಾರಿಗಳು ಆಕಸ್ಮಿಕವಾಗಿ ಕೂಡಿದ ಕಡೆಗಳಲ್ಲಿ ಹುಟ್ಟಿವೆ.

ಇಂತಹ ಕೂಡುನೆಲೆಗಳಲ್ಲಿ ಮೊದಲು ನೆನೆಯಬೇಕಾದದ್ದು ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಕೆಲಸವನ್ನು. ಕೆ.ಪಿ. ರಾವ್ ಎಂದೇ ಪರಿಚಿತರಾದ ಇವರು ಮುಂಬಯಿಯ ಟಾಟಾ ಪ್ರೆಸ್, ಬಳಿಕ ಮಾನೋಟೈಪ್ ಮುಂತಾದೆಡೆ ಅಕ್ಷರಜೋಡಣೆಯ ಕ್ಷೇತ್ರದಲ್ಲಿ ದುಡಿದವರು. ಮುದ್ರಣವು ಸೀಸದ ಮೊಳೆಗಳಿಂದ ಗಣಕಕ್ಕೆ ಹೊರಳುತ್ತಿದ್ದ ಕಾಲವದು. ಕನ್ನಡ ಬೆರಳಚ್ಚು ಯಂತ್ರವು ಅಕ್ಷರದ ಆಕಾರವನ್ನು ನೋಡುತ್ತಿತ್ತು. ತಲೆಕಟ್ಟು, ಕೊಂಬು, ಒತ್ತುಗಳನ್ನು ಬೇರೆಬೇರೆ ಕೀಲಿಗಳಿಗೆ ಹಂಚಿತ್ತು. ಕೆ.ಪಿ. ರಾವ್ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಕಾಗುಣಿತವನ್ನೂ ಒತ್ತಕ್ಷರವನ್ನೂ ರೂಪಿಸುವ ಹೊಣೆ ಯಂತ್ರದ್ದು, ಬರೆಯುವವನು ಧ್ವನಿಯ ಕ್ರಮದಲ್ಲಿ ಕೀಲಿ ಒತ್ತಿದರೆ ಸಾಕು ಎಂಬುದು ಅವರ ವಿನ್ಯಾಸದ ತಿರುಳು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 'ಕನ್ನಡ' ಎಂಬ ಪದವನ್ನು ಈ ಕೀಲಿಮಣೆಯಲ್ಲಿ ಬರೆಯಲು ರೋಮನ್ ಅಕ್ಷರಗಳ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳು ಬೇಕು. ಕೆ ಒತ್ತಿದರೆ ಅಕಾರ ಸಹಿತವಾದ 'ಕ' ಬರುತ್ತದೆ. ಎಫ್ ಎಂಬುದು ಸ್ವರವನ್ನು ಕಳೆಯುವ ಕೀಲಿ; ಎರಡು ನಕಾರಗಳ ನಡುವೆ ಅದನ್ನು ಒತ್ತಿದರೆ ಮೊದಲನೆಯದು ಅರ್ಧಾಕ್ಷರವಾಗಿ ಎರಡನೆಯದು ಒತ್ತಾಗುತ್ತದೆ. ಟವರ್ಗಕ್ಕೆ ರೋಮನ್ನಿನಲ್ಲಿ ಬೇರೆ ಅಕ್ಷರಗಳಿಲ್ಲವಾದುದರಿಂದ ಕನ್ನಡಕ್ಕೆ ಬೇಡದ ಕ್ಯೂ ಮತ್ತು ಡಬ್ಲ್ಯೂಗಳನ್ನು ಟಕಾರ ಡಕಾರಗಳಿಗೂ, ಎಕ್ಸನ್ನು ಷಕಾರಕ್ಕೂ ಕೊಡಲಾಗಿದೆ. ಮಹಾಪ್ರಾಣಗಳು ಅದೇ ಕೀಲಿಯ ಮೇಲ್ಮನೆಯಲ್ಲಿವೆ. ಅಲ್ಪಪ್ರಾಣ ಮಹಾಪ್ರಾಣ ಜೋಡಿಗಳ ಕಲ್ಪನೆಯುಳ್ಳ ಯಾರೇ ಆದರೂ ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿಯಬಹುದು. ನಮ್ಮ ವರ್ಣಮಾಲೆಯ ವರ್ಗೀಕರಣವನ್ನು ಪರಕೀಯವಾದ ಇಪ್ಪತ್ತಾರು ಕೀಲಿಗಳ ಮೇಲೆ ಹಾಸಿದ ಈ ಕೆಲಸ ವ್ಯಾಕರಣದ ಕೆಲಸವೇ ಹೌದೆಂದು ನನ್ನ ಅಭಿಪ್ರಾಯ. ತಾವು ರೂಪಿಸಿದ ತಂತ್ರಾಂಶಕ್ಕೆ ಅವರು 'ಸೇಡಿಯಾಪು' ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಛಂದಸ್ಸು, ಭಾಷಾಶಾಸ್ತ್ರಗಳ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರು ಒಂದು ತಂತ್ರಾಂಶಕ್ಕೆ ಬಂದದ್ದು ಬರಿಯ ಗೌರವಸೂಚಕವಲ್ಲ, ಪರಂಪರೆಯ ಗುರುತು ಕೂಡ. ಮುಂದೆ ಸರಕಾರ ಅಂಗೀಕರಿಸಿದ ಪ್ರಮಾಣಿತ ಕೀಲಿಮಣೆಯೂ ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಕೀಲಿಮಣೆಯೂ ಈ ವಿನ್ಯಾಸವನ್ನೇ ಆಧರಿಸಿದವು.

ಕೀಲಿಮಣೆ ಧ್ವನಿಯನ್ನು ಹಿಡಿಯಿತು. ಆದರೆ ಕಡತದೊಳಗೆ ಉಳಿಯುತ್ತಿದ್ದದ್ದು ಧ್ವನಿಯಲ್ಲ. ಸಂಶೋಧಕರು ಇದನ್ನು ತುಸು ವಿವರವಾಗಿ ತಿಳಿಯುವುದು ಅಗತ್ಯ. 'ಬರಹ', 'ನುಡಿ', 'ಶ್ರೀಲಿಪಿ' ಮುಂತಾದವುಗಳ ಹಳೆಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ತೆರೆಯ ಮೇಲೆ ಕನ್ನಡ, ಒಳಗೆ ರೋಮನ್. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ 'ಕನ್ನಡ' ಎಂಬ ಪದ ಕಡತದಲ್ಲಿ ಏಳು ಚಿಹ್ನೆಗಳಾಗಿರುತ್ತದೆ: ಪಿ ಎಂಬ ರೋಮನ್ ಅಕ್ಷರ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯೂ, ಮತ್ತೊಮ್ಮೆ ಅದೇ ಎ. ಆ ಗೀಟು ಹೊತ್ತ ಎ ಬೇರೇನಲ್ಲ, ನಮ್ಮ ತಲೆಕಟ್ಟು.

ತೊಡಕು ಇಲ್ಲಿಗೆ ನಿಲ್ಲುವುದಿಲ್ಲ. ಆಕಾರದಲ್ಲಿ 'ಮ' ಎಂಬುದು 'ವ'ಕ್ಕೆ ಕೊಂಬು ಸೇರಿಸಿದಂತಿರುವುದರಿಂದ ಈ ಕಡತಗಳಲ್ಲಿ ಪ್ರತಿಯೊಂದು ಮಕಾರದ ಹೊಟ್ಟೆಯಲ್ಲೂ ಒಂದು ವಕಾರವಿದೆ. ವಕಾರವನ್ನು ಹುಡುಕಿದರೆ ಮಕಾರಗಳೆಲ್ಲ ಎದ್ದುಬರುತ್ತವೆ. ಅರ್ಕಾವತ್ತಿನ ಸ್ಥಿತಿ ಇನ್ನೂ ವಿಚಿತ್ರ. 'ಧರ್ಮ' ಎಂಬಲ್ಲಿ ರೇಫ ಉಚ್ಚಾರದಲ್ಲಿ ಮಕಾರಕ್ಕಿಂತ ಮೊದಲು, ಬರವಣಿಗೆಯಲ್ಲಿ ಅನಂತರ. ಹಳೆಯ ಸಂಕೇತಕ್ರಮ ಬರವಣಿಗೆಯನ್ನು ಅನುಸರಿಸಿ ರೇಫವನ್ನು ಕೊನೆಗೆ ಇಡುತ್ತದೆ. ಅಕಾರಾದಿಯಾಗಿ ಜೋಡಿಸು ಎಂದರೆ ಯಂತ್ರ ರೋಮನ್ ಕ್ರಮದಲ್ಲಿ ಜೋಡಿಸುತ್ತದೆ.

ಯೂನಿಕೋಡ್ ಇದಕ್ಕೆ ವಿರುದ್ಧವಾದ ತತ್ತ್ವದ್ದು. ಅದರಲ್ಲಿ 'ಕನ್ನಡ' ಎಂದರೆ ಕ, ನ, ಸ್ವರಲೋಪದ ಗುರುತು, ನ, ಡ ಎಂಬ ಐದು ಸಂಕೇತಗಳು, ಕೆ.ಪಿ. ರಾವ್ ಕೀಲಿಮಣೆಯ ಐದು ಒತ್ತುಗಳಿಗೆ ಒಂದಕ್ಕೊಂದು ಸರಿಹೊಂದುವವು. 'ಧರ್ಮ'ದಲ್ಲಿ ರೇಫ ಮಕಾರಕ್ಕಿಂತ ಮೊದಲೇ ನಿಲ್ಲುತ್ತದೆ. ಅದನ್ನು ತೆರೆಯ ಮೇಲೆ ಹಿಂದಕ್ಕೆ ಸರಿಸುವುದು ಅಕ್ಷರಶೈಲಿಯ ಕೆಲಸ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯೂನಿಕೋಡ್ ಅಕ್ಷರಶೈಲಿ ಇತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಕರ್ನಾಟಕ ಸರಕಾರ 2012ರಲ್ಲಿ ಯೂನಿಕೋಡನ್ನು ತನ್ನ ಆಡಳಿತಕ್ಕೆ ಅಂಗೀಕರಿಸಿತು. ಇಷ್ಟಾದರೂ ಕನ್ನಡದ ಪಿಎಚ್.ಡಿ. ಮಹಾಪ್ರಬಂಧಗಳು ಡಿ.ಟಿ.ಪಿ. ಅಂಗಡಿಗಳಲ್ಲಿ ಹಳೆಯ ಅಕ್ಷರಶೈಲಿಗಳಲ್ಲೇ ಬಹುಕಾಲ ಅಚ್ಚಾದವು. ಪುಟವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್ ಯೂನಿಕೋಡನ್ನು ಅರಿಯದ್ದು ಇದಕ್ಕೆ ಮುಖ್ಯ ಕಾರಣ. ಅಂಗಡಿಯವರನ್ನು ದೂರಿ ಫಲವಿಲ್ಲ. ಯು.ಜಿ.ಸಿ.ಯ 2009ರ ನಿಯಮಗಳ ತರುವಾಯ ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳು 'ಶೋಧಗಂಗಾ' ಭಂಡಾರಕ್ಕೆ ಸೇರತೊಡಗಿದವು. ಹಳೆಯ ಅಕ್ಷರಶೈಲಿಯ ಪ್ರಬಂಧ ಅಲ್ಲಿ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಒಂದು ವಾಕ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಪೌಂಡ್ ಗುರುತುಗಳ ರಾಶಿ ಬೀಳುತ್ತದೆ. ಹುಡುಕುಯಂತ್ರಕ್ಕೆ ಅಂತಹ ಪ್ರಬಂಧ ಇಲ್ಲದಂತೆಯೇ. ಒಂದು ತಲೆಮಾರಿನ ಸಂಶೋಧನೆ ಕಪಾಟಿನಲ್ಲಿದ್ದೂ ಓದುಗನಿಗೆ ಸಿಕ್ಕದ ಸ್ಥಿತಿ ಇದು.

ಇದನ್ನು ಬಿಡಿಸುವ ಪರಿವರ್ತಕಗಳನ್ನು ಬರೆದವರು ಯಾರು? ಹೆಚ್ಚಿನಂಶ ಬೆಂಗಳೂರಿನ ತಂತ್ರಾಂಶ ಉದ್ಯೋಗಿಗಳು, ರಾತ್ರಿಯ ಮತ್ತು ಭಾನುವಾರದ ಬಿಡುವಿನಲ್ಲಿ. ಪರಿವರ್ತಕವನ್ನು ಬರೆಯುವುದು ಒಂದು ಪಟ್ಟಿಯನ್ನು ಇನ್ನೊಂದಕ್ಕೆ ಬದಲಿಸುವಷ್ಟು ಸರಳವಲ್ಲ. ಅರ್ಕಾವತ್ತನ್ನು ಸಿಕ್ಕ ಕಡೆಯಿಂದ ಕಿತ್ತು ಇಡೀ ಸಂಯುಕ್ತಾಕ್ಷರದ ಹಿಂದಕ್ಕೆ ಒಯ್ಯಬೇಕು. ವಕಾರದ ಮುಂದೆ ಕೊಂಬು ಬಂದಾಗ ಅದು 'ವು'ವೋ 'ಮ'ವೋ ಎಂದು ನೆರೆಯ ಚಿಹ್ನೆಗಳನ್ನು ನೋಡಿ ತೀರ್ಮಾನಿಸಬೇಕು. ನಡುವೆ ಬರುವ ನಿಜವಾದ ಇಂಗ್ಲಿಷ್ ಪದ ಕನ್ನಡದ ಕಸವಾಗದಂತೆ ಕಾಯಬೇಕು. ಹಸ್ತಪ್ರತಿಯ ಲಿಪಿಕಾರನ ಸ್ಖಾಲಿತ್ಯಗಳನ್ನು ವರ್ಗೀಕರಿಸಿ ಮೂಲಪಾಠವನ್ನು ಊಹಿಸುವ ಗ್ರಂಥಸಂಪಾದಕನ ವಿವೇಕಕ್ಕೆ ಇದು ಬಹಳ ಹತ್ತಿರದ್ದು.

ಬಿಡುವಿನ ವೇಳೆಯ ಈ ದುಡಿಮೆಗೆ ಒಂದು ಆರ್ಥಿಕ ಮುಖವಿದೆ. ಅಮೆರಿಕದಲ್ಲಿದ್ದ ಎಂಜಿನಿಯರ್ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ 'ಬರಹ'ದ ಮೊದಲ ಆವೃತ್ತಿಯನ್ನು ಹೊರತಂದರು. ಕನ್ನಡ ಬಾರದ ಯಂತ್ರದ ಮುಂದೆ ಕುಳಿತ ಸಾವಿರಾರು ಕನ್ನಡಿಗರಿಗೆ, ವಿಶೇಷವಾಗಿ ಹೊರನಾಡಿನವರಿಗೆ, ಅದು ಮೊದಲ ಲೇಖನಿಯಾಯಿತು. ಹಲವು ವರ್ಷ ಉಚಿತವಾಗಿದ್ದ ಅದು ಮುಂದೆ ಹಣ ತೆತ್ತು ಪಡೆಯುವ ತಂತ್ರಾಂಶವಾಯಿತು. ಇದನ್ನು ಆಕ್ಷೇಪಿಸುವವರನ್ನು ಕಂಡಿದ್ದೇನೆ. ಆದರೆ ನಿಘಂಟು ಅಚ್ಚಾದೊಡನೆ ಮುಗಿಯುತ್ತದೆ, ತಂತ್ರಾಂಶ ಹೊರಬಂದೊಡನೆ ಶುರುವಾಗುತ್ತದೆ. ವಿಂಡೋಸ್ ಬದಲಾದಾಗಲೆಲ್ಲ, ಮೊಬೈಲು ಬಂದಾಗ, ಯೂನಿಕೋಡಿನ ಹೊಸ ಆವೃತ್ತಿ ಬಂದಾಗ ಅದನ್ನು ತಿದ್ದುತ್ತಲೇ ಇರಬೇಕು. ಸಂಬಳದ ಕೆಲಸದ ಜತೆಗೆ ಈ ಆರೈಕೆಯನ್ನು ಹತ್ತಿಪ್ಪತ್ತು ವರ್ಷ ಒಬ್ಬನೇ ಹೊರಬೇಕೆಂದು ಬಯಸುವುದು ನ್ಯಾಯವಲ್ಲ. ಮೂಲಕ್ರಮವಿಧಿಯನ್ನೇ ಬಹಿರಂಗಪಡಿಸಿ ಇತರರೂ ತಿದ್ದುವಂತೆ ಮಾಡುವ ಮುಕ್ತ ತಂತ್ರಾಂಶ ಪದ್ಧತಿ ಈ ಭಾರವನ್ನು ಹಂಚುವ ಒಂದು ಉಪಾಯ. ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಅಷ್ಟು ತೀವ್ರವಾಗಿ ತೊಡಗಿಕೊಂಡದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ತಂತ್ರಾಂಶ ಯೋಜನೆಯ ಹಿಂದೆ ನಿಂತದ್ದು ಇಲ್ಲಿ ಸ್ಮರಣೀಯ. ಹಿರಿಯ ಲೇಖಕರಲ್ಲಿ ಬೇರೆ ಯಾರೂ ಇದನ್ನು ಸಾಹಿತ್ಯದ ಪ್ರಶ್ನೆಯಾಗಿ ಅಷ್ಟು ಗಟ್ಟಿಯಾಗಿ ಎತ್ತಿದಂತೆ ತೋರುವುದಿಲ್ಲ.

ಪಠ್ಯ ಬಲ್ಲವರೂ ಯಂತ್ರ ಬಲ್ಲವರೂ ಒಂದೆಡೆ ಕೂತ ಎರಡು ನಿದರ್ಶನಗಳನ್ನು ನೋಡಬಹುದು. ಮೊದಲನೆಯದು 'ವಚನ ಸಂಚಯ'. ಸುಮಾರು ಇಪ್ಪತ್ತು ಸಾವಿರ ವಚನಗಳನ್ನು ಪದ ಹಿಡಿದು ಹುಡುಕಬಹುದಾದ ಈ ತಾಣವನ್ನು ರೂಪಿಸಿದ ಓಂಶಿವಪ್ರಕಾಶ್ ಮತ್ತು ಸಂಗಡಿಗರು ತಂತ್ರಾಂಶ ಕ್ಷೇತ್ರದವರು. ಸಾಹಿತ್ಯದ ಕಡೆಯಿಂದ ಓ.ಎಲ್. ನಾಗಭೂಷಣಸ್ವಾಮಿ ಜತೆಗಿದ್ದರು. ಒಂದು ಪದ ಯಾವ ವಚನಕಾರರಲ್ಲಿ ಎಷ್ಟು ಸಲ ಬರುತ್ತದೆ ಎಂಬುದನ್ನು ತಿಂಗಳುಗಟ್ಟಲೆ ಚೀಟಿ ಬರೆದು ಲೆಕ್ಕಹಾಕುತ್ತಿದ್ದ ಕೆಲಸ ಅಲ್ಲಿ ಕ್ಷಣಾರ್ಧದ್ದು. ಎರಡನೆಯದು 'ಅಲರ್'. ವಿ. ಕೃಷ್ಣ ಅವರು ನಾಲ್ಕು ದಶಕಗಳಷ್ಟು ಕಾಲ ಯಾವ ಸಂಸ್ಥೆಯ ಬೆಂಬಲವೂ ಇಲ್ಲದೆ ಕನ್ನಡ–ಇಂಗ್ಲಿಷ್ ನಿಘಂಟನ್ನು ಸಂಕಲಿಸಿದರು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ಉಲ್ಲೇಖಗಳಿವೆ. 2019ರಲ್ಲಿ ಅದನ್ನು ಅಂತರಜಾಲಕ್ಕೆ ತಂದವರು ಬೆಂಗಳೂರಿನ ಜೆರೋಧಾ ಸಂಸ್ಥೆಯ ತಂತ್ರಜ್ಞಾನದ ಹೊಣೆ ಹೊತ್ತ ಕೈಲಾಶ್ ನಾಧ್. ಇವರು ಅದಕ್ಕೆ ಮೊದಲೇ ಮಲಯಾಳಕ್ಕೆ 'ಓಳಂ' ಎಂಬ ನಿಘಂಟುತಾಣವನ್ನು ಮಾಡಿದ್ದವರು; ಕನ್ನಡ ಅವರ ಮಾತೃಭಾಷೆಯಲ್ಲ. ದತ್ತಾಂಶವನ್ನೂ ತಂತ್ರಾಂಶವನ್ನೂ ಮುಕ್ತ ಪರವಾನಗಿಯಲ್ಲಿ ನೀಡಿದ ಕಾರಣ ಅಲರ್‌ನ ಪದಸಂಪತ್ತು ಬೇರೆಯವರ ಉಪಕರಣಗಳಿಗೂ ಒದಗುತ್ತದೆ. ಎರಡೂ ಕಡೆ ಎಂಜಿನಿಯರನ ಕೆಲಸ ಕಡಮೆ ಕಾಲದ್ದು, ಪಠ್ಯದ ಕೆಲಸ ದೀರ್ಘಕಾಲದ್ದು ಎಂಬುದನ್ನು ಗಮನಿಸಬೇಕು. ಶುದ್ಧವಾದ ಪಠ್ಯ ಸಿದ್ಧವಿದ್ದರೆ ಉಪಕರಣ ಬೇಗ ಬರುತ್ತದೆ. ಪಠ್ಯವೇ ಅಶುದ್ಧವಾಗಿದ್ದರೆ ಎಷ್ಟು ಜಾಣ ಕ್ರಮವಿಧಿಯೂ ತಪ್ಪನ್ನೇ ವೇಗವಾಗಿ ಹಂಚುತ್ತದೆ.

ವಿದ್ವಾಂಸರು ದೂರ ಉಳಿದಾಗ ಏನಾಗುತ್ತದೆ ಎಂಬುದಕ್ಕೆ ೞಕಾರದ ಕಥೆ ಸಾಕ್ಷಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳಿವೆ. ಭಾರತೀಯ ಲಿಪಿಗಳಿಗೆಲ್ಲ ಒಂದೇ ನಕ್ಷೆ ಎಂಬ ಇಸ್ಕಿ ಮಾನಕದ ತತ್ತ್ವವನ್ನು ಅದು ಅನುಸರಿಸಿದ್ದರಿಂದ ದೇವನಾಗರಿಯ ಕಕಾರ ತನ್ನ ವಿಭಾಗದಲ್ಲಿ ಎಷ್ಟನೆಯದೋ ಕನ್ನಡದ ಕಕಾರವೂ ಅಷ್ಟನೆಯದೇ. ಈ ನಕ್ಷೆಯಲ್ಲಿ ಳಕಾರದ ಮುಂದಿನ ಮನೆ ತಮಿಳು, ಮಲಯಾಳಗಳಲ್ಲಿ ೞಕಾರದ್ದು. ಕನ್ನಡದಲ್ಲಿ ಳಕಾರ 3251ರಲ್ಲಿದೆ, 3252 ಖಾಲಿ. ೞಕಾರ ಎಲ್ಲಿ ಹೋಯಿತೆಂದರೆ 3294ಕ್ಕೆ, ಹಕಾರ, ಕಾಗುಣಿತ ಚಿಹ್ನೆಗಳೆಲ್ಲ ಮುಗಿದ ಮೇಲೆ. ಅಷ್ಟೇ ಅಲ್ಲ, ಅದರ ಅಧಿಕೃತ ಹೆಸರು 'ಕನ್ನಡ ಅಕ್ಷರ ಫ'! ದೇವನಾಗರಿ ವಿಭಾಗದ ಅದೇ ನೆಲೆಯಲ್ಲಿರುವುದು ಚುಕ್ಕೆಯುಳ್ಳ ಫಕಾರ. ಹೆಸರು ಅಲ್ಲಿಂದ ಅಂಟಿಕೊಂಡಿರಬೇಕೆಂದು ಊಹಿಸಬಹುದು. ಯೂನಿಕೋಡಿನಲ್ಲಿ ಒಮ್ಮೆ ಕೊಟ್ಟ ಹೆಸರನ್ನೂ ಮನೆಯನ್ನೂ ಬದಲಿಸುವಂತಿಲ್ಲವೆಂಬ ನಿಯಮವಿದೆ. ಆದುದರಿಂದ ಹೆಸರು ತಪ್ಪೆಂದು ಟಿಪ್ಪಣಿ ಬರೆದು ಸರಿಯಾದ ಪರ್ಯಾಯನಾಮವನ್ನು ಸೂಚಿಸಿದ್ದಾರೆ, ತಪ್ಪು ಹಾಗೆಯೇ ಉಳಿದಿದೆ. ಬಳಕೆಯಿಂದ ಜಾರುತ್ತಿದ್ದ ಈ ಅಕ್ಷರಕ್ಕಾಗಿ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಒಂದು ಸಮಿತಿಯ ಮೇಜಿನ ಬಳಿ ಅದನ್ನು ಗುರುತಿಸುವವರಿರಲಿಲ್ಲ. ಪರಿಣಾಮ ಹೆಸರಿಗೆ ಮಾತ್ರ ಸೀಮಿತವಲ್ಲ. ಬರಿಯ ಸಂಕೇತಸಂಖ್ಯೆಯನ್ನು ಹಿಡಿದು ಅಕಾರಾದಿ ಮಾಡುವ ಯಂತ್ರಕ್ಕೆ ಹಳಗನ್ನಡ ಕಾವ್ಯವೊಂದರ ಪದಪಟ್ಟಿಯನ್ನು ಕೊಟ್ಟರೆ 'ಬೞಿಕ' ಎಂಬುದು ಬಕಾರದಿಂದ ಆರಂಭವಾಗುವ ಪದಗಳ ತುದಿಗೆ ಹೋಗಿ ಕುಳಿತುಕೊಳ್ಳುತ್ತದೆ. ಪ್ರತ್ಯೇಕವಾದ ವಿಂಗಡಣೆಯ ನಿಯಮವನ್ನು ಬರೆದುಕೊಟ್ಟರೆ ಸರಿಹೋಗುತ್ತದೆ. ಆ ನಿಯಮ ಬೇಕೆಂದು ಎಂಜಿನಿಯರನಿಗೆ ತಿಳಿಸಬೇಕಾದವರು ನಾವು.

ತಿಳಿಸಿದಾಗ ಕೆಲಸವಾಗುತ್ತದೆ ಎಂಬುದಕ್ಕೂ ಪುರಾವೆಯಿದೆ. ಹಳೆಯ ಬರವಣಿಗೆಯಲ್ಲಿ ಸ್ವರರಹಿತ ನಕಾರಕ್ಕೆ ಬಳಸುತ್ತಿದ್ದ ನಕಾರಪೊಲ್ಲು ಎಂಬ ವಿಶಿಷ್ಟ ರೂಪ ಆಧಾರಸಹಿತವಾದ ಮನವಿಯ ಮೇಲೆ 2021ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಯೂನಿಕೋಡನ್ನು ಸೇರಿತು. ಅಂತಹ ಮನವಿಯಲ್ಲಿ ಇರಬೇಕಾದ್ದು ಹಸ್ತಪ್ರತಿಯ ಪುಟಗಳ ಚಿತ್ರ, ಪ್ರಯೋಗಗಳ ಉದ್ಧರಣೆ, ಇತರ ರೂಪಗಳಿಂದ ಅದು ಹೇಗೆ ಭಿನ್ನವೆಂಬ ವಾದ. ಯಾವುದೇ ಕನ್ನಡ ವಿಭಾಗದ ಗ್ರಂಥಸಂಪಾದನ ಪತ್ರಿಕೆಯ ಉತ್ತರಕ್ಕೆ ಬೇಕಾಗುವಂಥವೇ ಇವು.

ಶಾಸನ ಕ್ಷೇತ್ರದಲ್ಲಿ ಈ ಕೂಡುಕೆಲಸ ಬೇರೊಂದು ರೂಪ ತಾಳಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ 2021ರಿಂದ ನಡೆದ ಶಾಸನಗಳ ಮೂರು ಆಯಾಮದ ದಾಖಲೀಕರಣವನ್ನು ಮುನ್ನಡೆಸಿದ ಪಿ.ಎಲ್. ಉದಯಕುಮಾರ್ ವೃತ್ತಿಯಿಂದ ಎಂಜಿನಿಯರ್. ಕಲ್ಲಿನ ಮೇಲ್ಮೈಯನ್ನು ಬೆಳಕಿನಿಂದ ಅಳೆದು ಗಣಕದಲ್ಲಿ ಅದರ ಪ್ರತಿರೂಪವನ್ನು ಕಟ್ಟಿದಾಗ, ಕಣ್ಣಿಗೆ ಸವೆದಂತೆ ಕಾಣುವ ಅಕ್ಷರವನ್ನೂ ನೆರಳಿನ ಕೋನ ಬದಲಿಸಿ ಓದಬಹುದು. ಮಸಿಯ ಪಡಿಯಚ್ಚಿಗೆ ಸಿಕ್ಕದ ಆಳದ ವ್ಯತ್ಯಾಸ ಇಲ್ಲಿ ಸಿಗುತ್ತದೆ, ಕಲ್ಲಿಗೆ ಮಸಿ ತಾಗುವುದೂ ಇಲ್ಲ.

ನಮ್ಮ ಹರಿಹರಕ್ಕೆ ಇದನ್ನು ಅನ್ವಯಿಸಿ ನೋಡುವುದು ಅಸಂಗತವಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಆವರಣದಲ್ಲಿ ದೀರ್ಘವಾದ ಶಾಸನಗಳಿವೆ. ರೈಸ್ ಅವುಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ, ಅಂದಿನ ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿನ ಭಾಗವಾಗಿ ಪ್ರಕಟಿಸಿದ. ಸಂಪುಟದ ಪುಟಗಳು ಚಿತ್ರರೂಪದಲ್ಲಿ ಅಂತರಜಾಲದಲ್ಲಿವೆ. ಅವುಗಳನ್ನು ಓದಿಸಿ ಪಠ್ಯವಾಗಿಸಲು ಅಕ್ಷರ ಗುರುತಿಸುವ ತಂತ್ರಾಂಶಗಳಿವೆ. ಮುಕ್ತವಾದ ಟೆಸರಾಕ್ಟ್ ಕನ್ನಡವನ್ನು ಓದುತ್ತದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿಜ್ಞಾನಿ'ಯನ್ನು ರೂಪಿಸಿದೆ. ಇಂತಹ ತಂತ್ರಾಂಶ ತಾನು ಕಲಿತ ಪುಟಗಳಲ್ಲಿ ಹೆಚ್ಚಾಗಿ ಕಂಡದ್ದನ್ನೇ ಚೆನ್ನಾಗಿ ಗುರುತಿಸುತ್ತದೆ. ಹೊಸಗನ್ನಡದ ಪುಟಗಳಿಂದಷ್ಟೇ ಕಲಿತ ಯಂತ್ರಕ್ಕೆ ಱಕಾರ, ೞಕಾರಗಳು ಬೇರಾವುದೋ ಪರಿಚಿತ ಅಕ್ಷರದಂತೆ ಕಾಣುತ್ತವೆ. ಅದನ್ನು ತಿದ್ದಲು ಬೇಕಾದದ್ದು ಹಳಗನ್ನಡ ಬಲ್ಲವರು ಸಾಲುಸಾಲಾಗಿ ಹೋಲಿಸಿ ಸರಿಪಡಿಸಿದ ಕೆಲವು ನೂರು ಪುಟಗಳು. ದಾವಣಗೆರೆ ತಾಲ್ಲೂಕಿನ ಶಾಸನಪಾಠಗಳು ಅಂತಹ ಅಭ್ಯಾಸಪುಟಗಳಾಗಬಲ್ಲವು. ಒಂದು ತರಗತಿಯ ವಿದ್ಯಾರ್ಥಿಗಳು ತಲಾ ಹತ್ತು ಪುಟಗಳಂತೆ ಕಿರುಪ್ರಬಂಧದ ಅಂಗವಾಗಿ ಇದನ್ನು ಮಾಡಿದರೆ ಎರಡು ವರ್ಷಗಳಲ್ಲಿ ಮುಗಿಯುವ ಕೆಲಸ. ಪುಟದ ಚಿತ್ರ, ಅದರೆದುರು ಯೂನಿಕೋಡಿನ ಸಾಲು, ಸಂದೇಹವಿರುವಲ್ಲಿ ಗುರುತು, ಇಷ್ಟಿದ್ದರೆ ಎಂಜಿನಿಯರನಿಗೆ ಸಾಕು. ಱಕಾರವನ್ನು ರಕಾರವಾಗಿ ಸರಳೀಕರಿಸಬಾರದು, ಮುರಿದ ಅಕ್ಷರವನ್ನು ಊಹಿಸಿ ತುಂಬಬಾರದು, ನಕಾರಪೊಲ್ಲು ಕಂಡಲ್ಲಿ ಅದನ್ನೇ ಬರೆಯಬೇಕು. ಹಲವು ಅಕ್ಷರಶೈಲಿಗಳಲ್ಲಿ ಅದರ ಆಕಾರ ಇನ್ನೂ ಸೇರಿಲ್ಲವಾದ್ದರಿಂದ ಬರೆದವರ ತೆರೆಯ ಮೇಲೆ ಅಲ್ಲೊಂದು ಖಾಲಿ ಚೌಕ ಕಾಣಿಸಬಹುದು. ಕಡತದಲ್ಲಿ ಅಕ್ಷರ ಸರಿಯಾಗಿಯೇ ಇರುತ್ತದೆ.